‘ಬಂದವ್ನೆ’ ಎಂಬ ಮಾತಿನ ಚರಿತ್ರೆ

ಕಲ್ಲು ಮಾತನಾಡುವುದು ಭೂತಕಾಲದಲ್ಲಿ. ಚಾಮರಾಜನಗರ, ಗುಂಡ್ಲುಪೇಟೆಗಳ ಸೀಮೆಯಲ್ಲಿ ಕೆರೆಯ ಏರಿಯ ಮೇಲೆ, ಹೊಲದ ಬದುವಿನಲ್ಲಿ, ಗುಡಿಯ ಬಾಗಿಲ ಪಕ್ಕದಲ್ಲಿ ನಿಂತ ಶಾಸನಗಳನ್ನೂ ವೀರಗಲ್ಲುಗಳನ್ನೂ ಓದುತ್ತ ಹೋದವರಿಗೆ ಇದು ಬೇಗನೆ ಗೊತ್ತಾಗುತ್ತದೆ. ಅರಸರ ಬಿರುದಾವಳಿ ಎಷ್ಟೇ ಉದ್ದವಾಗಿರಲಿ, ಕೊನೆಗೆ ವಾಕ್ಯ ಬಂದು ನಿಲ್ಲುವುದು ಒಂದು ಪುಟ್ಟ ಕ್ರಿಯಾಪದದ ಮೇಲೆ: ಕೊಟ್ಟ, ಬಿಟ್ಟ, ಕಟ್ಟಿಸಿದ, ಕಾದಿ ಸತ್ತ. ಬಿ. ಎಲ್. ರೈಸ್ ಅವರು 1898ರಲ್ಲಿ ಪ್ರಕಟಿಸಿದ ಎಪಿಗ್ರಾಫಿಯಾ ಕರ್ನಾಟಿಕಾದ 4ನೆಯ ಸಂಪುಟದಲ್ಲಿ ಈ ಎರಡು ತಾಲ್ಲೂಕುಗಳ ಶಾಸನಗಳು ಒಟ್ಟಾಗಿ ಬೆಳಕು ಕಂಡವು. 1970ರ ದಶಕದಲ್ಲಿ ಮೈಸೂರು ವಿಶ್ವವಿದ್ಯಾನಿಲಯದ ಕನ್ನಡ ಅಧ್ಯಯನ ಸಂಸ್ಥೆ ಅವನ್ನು ಪರಿಷ್ಕರಿಸಿ ಹೊರತಂದಿತು. ಚರಿತ್ರಕಾರರು ಅಂಥ ಸಂಪುಟಗಳಲ್ಲಿ ರಾಜರ ಹೆಸರನ್ನೂ ಶಕವರ್ಷವನ್ನೂ ಹುಡುಕುತ್ತಾರೆ. ನಾವು ಇಂದು ಅವೆಲ್ಲವನ್ನೂ ಬದಿಗಿರಿಸಿ, ವಾಕ್ಯದ ಕೊನೆಯಲ್ಲಿರುವ ಆ ಕ್ರಿಯಾಪದವನ್ನೇ ಕೈಹಿಡಿದು ಹೊರಡೋಣ. ಅದಕ್ಕೂ ಒಂದು ಚರಿತ್ರೆಯಿದೆ.

ಈ ಸೀಮೆಯ ಹಳ್ಳಿಗಳಲ್ಲಿ ‘ಮಾವ ಬಂದಿದ್ದಾನೆ’ ಎಂದು ಯಾರೂ ಹೇಳುವುದಿಲ್ಲ. ‘ಮಾವ ಬಂದವ್ನೆ’ ಎನ್ನುತ್ತಾರೆ. ಹೆಂಗಸಾದರೆ ಬಂದವ್ಳೆ, ಹಲವರಾದರೆ ಬಂದವ್ರೆ, ಮಳೆಯಾದರೆ ಬಂದದೆ. ಕೆಲವು ಊರುಗಳಲ್ಲಿ ಕೊನೆಯ ಎಕಾರವು ಅಕಾರಕ್ಕೆ ಇಳಿದು ಬಂದವ್ನ, ಬಂದದ ಎಂದೂ ಆಗುವುದುಂಟು. ಪಾಠಶಾಲೆಯ ಬರೆಹದಲ್ಲಿ ಈ ರೂಪ ಕಾಣಿಸಿಕೊಂಡರೆ ಅದರ ಮೇಲೆ ಕೆಂಪು ಗೆರೆ ಬೀಳುತ್ತದೆ. ನಾಟಕದಲ್ಲೋ ಸಿನಿಮಾದಲ್ಲೋ ಕಾಣಿಸಿಕೊಂಡರೆ ಪ್ರೇಕ್ಷಕರು ನಗುತ್ತಾರೆ. ಒಂದು ನಾಡಿನ ಲಕ್ಷಾಂತರ ಮಂದಿ ಪ್ರತಿದಿನ ಆಡುವ ಮಾತು ತಪ್ಪಿಗೋ ನಗೆಗೋ ಮಾತ್ರ ಸಲ್ಲುತ್ತದೆಯೆ? ಅದು ಒಳ್ಳೆಯ ಕನ್ನಡ ಕೆಟ್ಟು ಹುಟ್ಟಿದ ರೂಪವೆ, ಅಥವಾ ತನ್ನದೇ ನ್ಯಾಯವುಳ್ಳ ರೂಪವೆ? ಇದನ್ನು ತೀರ್ಮಾನಿಸಬೇಕಾದರೆ ಕನ್ನಡವು ಕಳೆದ ಕಾಲವನ್ನು ಹೇಳಲು ಕಟ್ಟಿಕೊಂಡ ವ್ಯವಸ್ಥೆಯನ್ನು ನೋಡಬೇಕು. ಪಕ್ಕದಲ್ಲಿಟ್ಟು ಹೋಲಿಸುವುದಕ್ಕೆ ಇಂಗ್ಲಿಷನ್ನೂ ಫ್ರೆಂಚನ್ನೂ ತೆಗೆದುಕೊಳ್ಳೋಣ. ಇಂಗ್ಲಿಷ್ ನಮ್ಮ ಮಕ್ಕಳು ಕಲಿಯಲೇಬೇಕಾಗಿ ಬಂದ ಭಾಷೆ. ಫ್ರೆಂಚು ನಮಗೆ ದೂರದ್ದಾದರೂ, ಈ ಒಂದು ವಿಷಯದಲ್ಲಿ ಇಂಗ್ಲಿಷಿಗಿಂತ ನಮ್ಮ ಗುಂಡ್ಲುಪೇಟೆಗೆ ಹತ್ತಿರವಾಗಿದೆ.

ಮೊದಲು ನಮ್ಮ ಮನೆಯ ಲೆಕ್ಕ. ಸುಮಾರು 450ರ ಹಲ್ಮಿಡಿ ಶಾಸನದಲ್ಲಿ ದಾನವನ್ನು ಹೇಳುವ ಕ್ರಿಯಾಪದ ‘ಕೊಟ್ಟಾರ್’. ಅದರ ದೀರ್ಘ ಮುಂದೆ ಹ್ರಸ್ವವಾಗಿ ‘ಕೊಟ್ಟರ್’ ಎಂದಾಯಿತು, ಅನಂತರ ‘ಕೊಟ್ಟರು’. ಏಕವಚನದ ಕೊಟ್ಟಂ ಎಂಬುದು ಕೊಟ್ಟನು ಆಗಿ, ಆಡುಮಾತಿನಲ್ಲಿ ಕೊಟ್ಟ ಎಂದು ನಿಂತಿತು. ಸಾವಿರದೈನೂರು ವರ್ಷಗಳಲ್ಲಿ ಬಾಲ ಬದಲಾಗಿದೆ, ಒಡಲು ಬದಲಾಗಿಲ್ಲ. ಸುಮಾರು 1260ರಲ್ಲಿ ಶಬ್ದಮಣಿದರ್ಪಣವನ್ನು ಬರೆದ ಕೇಶಿರಾಜ ಕನ್ನಡದ ಮೂರು ಕಾಲಗಳಿಗೆ ಮೂರು ಪ್ರತ್ಯಯಗಳನ್ನು ಗುರುತಿಸಿದ. ಭೂತಕ್ಕೆ ‘ದ’, ವರ್ತಮಾನಕ್ಕೆ ‘ದಪ’, ಭವಿಷ್ಯತ್ತಿಗೆ ‘ವ’. ಮಾಡಿದಂ, ಮಾಡಿದಪಂ, ಮಾಡುವಂ. ಇಲ್ಲೊಂದು ಸೋಜಿಗವಿದೆ. ವರ್ತಮಾನದ ‘ದಪ’ದೊಳಗೆ ಭೂತದ ‘ದ’ ಅಡಗಿಕೊಂಡಿದೆ. ಮಾಡಿದ ಎಂಬುದಕ್ಕೆ ಅಪ್ಪಂ, ಅಂದರೆ ‘ಆಗುವನು’ ಎಂಬರ್ಥದ ಮಾತು ಸೇರಿ ಮಾಡಿದಪಂ ಆಯಿತೆಂದು ವಿದ್ವಾಂಸರು ವಿವರಿಸುತ್ತಾರೆ. ಹಳಗನ್ನಡವು ಈಗಿನದನ್ನು ಹೇಳಲು ಕೂಡ ಕಳೆದುದರ ಮೇಲೆ ಕಾಲಿಟ್ಟು ನಿಂತಿತು ಎಂದರ್ಥ. ಈ ಸಂಗತಿಗೆ ನಾವು ಮತ್ತೆ ಮರಳಬೇಕಾಗುತ್ತದೆ.

ಈ ಬಾಲಗಳ ಪದರಗಳು ನಮ್ಮ ಸೀಮೆಯಲ್ಲೇ ಒಂದರ ಮೇಲೊಂದು ಕಾಣಸಿಗುತ್ತವೆ. 17ನೆಯ ಶತಮಾನವನ್ನು ತೆಗೆದುಕೊಳ್ಳಿ. ಗುಂಡ್ಲುಪೇಟೆಯ ಬಳಿಯ ಹಂಗಳದಲ್ಲಿ ಯುವರಾಜನಾಗಿ ದಿನ ಕಳೆದ ಚಿಕ್ಕದೇವರಾಜ ಒಡೆಯ 1673ರಲ್ಲಿ ಮೈಸೂರಿನ ಸಿಂಹಾಸನವನ್ನೇರಿದ. ಗುಂಡ್ಲುಪೇಟೆಯ ಪರವಾಸುದೇವ ದೇವಾಲಯ ಅವನು ಕಟ್ಟಿಸಿದ್ದು. ಅವನ ಅರಮನೆಯಲ್ಲಿ ಸಂಚಿಯ ಊಳಿಗ ಮಾಡಿಕೊಂಡಿದ್ದ ಹೊನ್ನಮ್ಮ ಎಳಂದೂರಿನವಳು. ಹದಿಬದೆಯ ಧರ್ಮವನ್ನು ಅವಳು ಬರೆದದ್ದು ಸಾಂಗತ್ಯದಲ್ಲಿ, ಅಂದರೆ ‘ಬಂದನು’ ಎನ್ನುವ ಕನ್ನಡದಲ್ಲಿ. ಅದೇ ಎಳಂದೂರಿನಲ್ಲಿ ನೆಲೆಸಿದವನು, ಅದೇ ಶತಮಾನದವನು, ರಾಜಶೇಖರ ವಿಳಾಸದ ಷಡಕ್ಷರದೇವ. ಅವನು ಚಂಪುವನ್ನು ಹಿಡಿದು ‘ಬಂದಂ’ ಎನ್ನುವ ಹಳಗನ್ನಡದಲ್ಲಿ ಬರೆದ. ಇವರಿಬ್ಬರೂ ಪದ್ಯ ಕಟ್ಟುತ್ತಿದ್ದ ಕಾಲದಲ್ಲಿ ಎಳಂದೂರಿನ ಬೀದಿಯ ಜನ ಷಡಕ್ಷರಿಯ ‘ಬಂದಂ’ ಎಂಬುದನ್ನು ಆಡುತ್ತಿರಲಿಲ್ಲವೆಂಬುದರಲ್ಲಿ ಸಂದೇಹವಿಲ್ಲ. ತಂಬೂರಿ ಹಿಡಿದು ಮಂಟೇಸ್ವಾಮಿಯ ಕಥೆ ಹೇಳುವ ನೀಲಗಾರರು, ಕಂಸಾಳೆ ಹಿಡಿದು ಮಾದಪ್ಪನ ಕಥೆ ಹೇಳುವ ದೇವರಗುಡ್ಡರು ಮೂರನೆಯ ಪದರವನ್ನು ಕಾಪಾಡಿಕೊಂಡು ಬಂದರು. ಒಂದೇ ನೆಲದಲ್ಲಿ ಮೂರು ಭೂತಕಾಲಗಳು ಒಟ್ಟಿಗೆ ಬಾಳಿದವು. ಅವುಗಳಲ್ಲಿ ಯಾವುದನ್ನೂ ‘ಕೆಟ್ಟದ್ದು’ ಎಂದು ಆ ಕಾಲದವರು ಕರೆದಿದ್ದರೆ, ಹೊನ್ನಮ್ಮನ ಕಾವ್ಯ ನಮಗೆ ಉಳಿಯುತ್ತಿರಲಿಲ್ಲ.

ಬಾಲದ ಮಾತಾಯಿತು, ಇನ್ನು ಒಡಲಿನ ಮಾತು. ಕನ್ನಡದ ಧಾತುಗಳಲ್ಲಿ ಬಹುಪಾಲು ಸಾಧು ಸ್ವಭಾವದವು. ಮಾಡು ಮಾಡಿದ, ಓಡು ಓಡಿದ, ಕೂಗು ಕೂಗಿದ. ಎಕಾರ ಇಕಾರಗಳಲ್ಲಿ ಮುಗಿಯುವವು ಕರೆ ಕರೆದ, ತಿಳಿ ತಿಳಿದ ಎಂದು ನೇರವಾಗಿ ‘ದ’ವನ್ನು ಪಡೆಯುತ್ತವೆ. ಆದರೆ ಇನ್ನೊಂದು ಗುಂಪು ಮೈಯನ್ನೇ ಬದಲಿಸಿಬಿಡುತ್ತದೆ. ಕೊಡು ಕೊಟ್ಟ, ಬಿಡು ಬಿಟ್ಟ, ನಗು ನಕ್ಕ, ಹೊರು ಹೊತ್ತ, ಹೆರು ಹೆತ್ತ, ಅಳು ಅತ್ತ. ಬರು ಬಂದ, ತರು ತಂದ, ತಿನ್ನು ತಿಂದ, ಉಣ್ಣು ಉಂಡ, ಕಾಣು ಕಂಡ, ಕೊಲ್ಲು ಕೊಂದ. ಬೀಳು ಬಿದ್ದ, ಏಳು ಎದ್ದ, ಗೆಲ್ಲು ಗೆದ್ದ. ಸೋಲು ಸೋತ, ನಿಲ್ಲು ನಿಂತ. ಈ ಪಟ್ಟಿಯನ್ನು ಒಮ್ಮೆ ಕಿವಿಗೊಟ್ಟು ಕೇಳಿದರೆ ಒಂದು ಬಾಳಿನ ಕಥೆಯೇ ಕೇಳಿಸುತ್ತದೆ. ಹೆತ್ತ, ಅತ್ತ, ನಕ್ಕ, ಉಂಡ, ಬಿದ್ದ, ಎದ್ದ, ಗೆದ್ದ, ಸೋತ, ಸತ್ತ. ಬಾಳಿನಲ್ಲಿ ತೀರ ಹತ್ತಿರವಾದ ಮಾತುಗಳೇ ವ್ಯಾಕರಣದಲ್ಲಿ ತೀರ ವಕ್ರವಾದವು.

ಇದು ಆಕಸ್ಮಿಕವಲ್ಲ. ಇಂಗ್ಲಿಷಿನಲ್ಲಿಯೂ ಹೀಗೆಯೇ. ಅಲ್ಲಿ ಸಾವಿರಾರು ಧಾತುಗಳು ಕೊನೆಗೆ ‘ಡ್’ ಎಂಬ ಧ್ವನಿಯನ್ನು ಸೇರಿಸಿಕೊಂಡು ಭೂತಕಾಲವಾಗುತ್ತವೆ. ಇನ್ನೂರರ ಆಸುಪಾಸಿನಷ್ಟು ಮಾತ್ರ ಕಮ್ ಕೇಮ್, ಸೀ ಸಾ, ಈಟ್ ಏಟ್, ಸಿಂಗ್ ಸ್ಯಾಂಗ್ ಸಂಗ್ ಎಂದು ಒಳಗಿನ ಸ್ವರವನ್ನೋ ಇಡೀ ರೂಪವನ್ನೋ ಬದಲಿಸುತ್ತವೆ. ಅವೂ ಬರುವ, ಹೋಗುವ, ಉಣ್ಣುವ, ಕಾಣುವ ಮಾತುಗಳೇ. ಕಾರಣ ಸರಳವಾದದ್ದು. ದಿನಕ್ಕೆ ನೂರು ಸಲ ನಾಲಗೆಯ ಮೇಲೆ ಬರುವ ರೂಪವನ್ನು ಮಗು ನಿಯಮದಿಂದ ಕಟ್ಟಬೇಕಾಗಿಲ್ಲ, ನೆನಪಿನಿಂದಲೇ ಎತ್ತಿಕೊಳ್ಳುತ್ತದೆ. ಆದುದರಿಂದ ಹಳೆಯ ವಕ್ರತೆ ಅಲ್ಲಿ ಉಳಿಯುತ್ತದೆ. ಅಪರೂಪಕ್ಕೆ ಬಳಕೆಯಾಗುವ ಮಾತನ್ನು ನೆನಪು ಬಿಟ್ಟುಕೊಟ್ಟಾಗ ನಿಯಮ ಬಂದು ಹಿಡಿದುಕೊಳ್ಳುತ್ತದೆ. ಇಂಗ್ಲಿಷಿನ ‘ಹೆಲ್ಪ್’ ಎಂಬುದಕ್ಕೆ ಹಿಂದೆ ‘ಹೋಲ್ಪ್’ ಎಂಬ ಭೂತರೂಪವಿತ್ತು. ಅದು ಸವೆದು ‘ಹೆಲ್ಪ್ಡ್’ ಬಂತು. ಕನ್ನಡದಲ್ಲಿಯೂ ಪೇೞ್ದಂ ಎಂಬುದು ಹೇಳಿದನು ಆಯಿತು, ಕೇಳ್ದಂ ಎಂಬುದು ಕೇಳಿದನು ಆಯಿತು. ಎಲ್ಲರನ್ನೂ ಸೇರಿಸಿಕೊಳ್ಳುವ ‘ಇದ’ದ ದೊಡ್ಡ ಕುಟುಂಬ ಅವನ್ನೂ ಸೇರಿಸಿಕೊಂಡಿತು.

ಇಲ್ಲಿ ನಮ್ಮ ಸೀಮೆಯ ಆಡುಮಾತು ಒಂದು ತಮಾಷೆ ಮಾಡಿದೆ. ಹಳ್ಳಿಯವರು ಹೇಳಿದ ಎನ್ನದೆ ಹೇಳ್ದ ಎನ್ನುತ್ತಾರೆ, ಕೇಳಿದ ಎನ್ನದೆ ಕೇಳ್ದ. ಪಂಪನ ಕಾಲದ ಪೇೞ್ದಂ ಇಂದಿನ ಹೇಳ್ದ ಎಂಬುದಕ್ಕೆ ಎಷ್ಟು ಹತ್ತಿರ! ಹಾಗೆಂದು ಹಳಗನ್ನಡವೇ ಇಲ್ಲಿ ಉಳಿದುಬಂದಿದೆಯೆಂದು ಹಿಗ್ಗಬೇಕಾಗಿಲ್ಲ. ಮಾಡಿದ ಎಂಬುದೂ ಇಲ್ಲಿ ಮಾಡ್ದ ಆಗುತ್ತದೆ, ಹಳಗನ್ನಡದಲ್ಲಿಯಾದರೋ ಅದು ಮಾಡಿದಂ ಎಂದೇ ಇತ್ತು. ನಡುವಿನ ಇಕಾರವನ್ನು ನಾಲಗೆ ಹೊಸದಾಗಿ ನುಂಗಿದೆ. ದಾರಿ ಬೇರೆ, ಸೇರಿದ ಊರು ಒಂದೇ.

ಇಂಗ್ಲಿಷಿನ ‘ಡ್’ ಎಲ್ಲಿಂದ ಬಂತೆಂಬುದೂ ಕೇಳಬೇಕಾದ ಕಥೆ. ಅದು ಬಹಳ ಹಿಂದೆ ‘ಮಾಡಿದ’ ಎಂಬರ್ಥದ ‘ಡಿಡ್’ ಎಂಬ ಕ್ರಿಯಾಪದವೇ ಧಾತುವಿಗೆ ಅಂಟಿಕೊಂಡು ಸವೆದ ರೂಪವೆಂದು ಬಹುಮಂದಿ ಭಾಷಾಶಾಸ್ತ್ರಜ್ಞರು ಅಭಿಪ್ರಾಯಪಟ್ಟಿದ್ದಾರೆ. ನಾವು ಈಗ ಮಾಡುತ್ತಿರುವುದೂ ಅದನ್ನೇ. ಫೋನ್ ಮಾಡಿದ, ಪಾಸು ಮಾಡಿದ, ರಿಪೇರಿ ಮಾಡಿದ. ಪರಭಾಷೆಯ ಕ್ರಿಯೆಯನ್ನು ಮನೆಗೆ ತಂದುಕೊಳ್ಳುವಾಗ ಕನ್ನಡ ಅದರ ಬೆನ್ನಿಗೆ ‘ಮಾಡಿದ’ವನ್ನು ಕಟ್ಟುತ್ತದೆ. ಕನ್ನಡದ ‘ದ’ಕ್ಕೂ ಇಂಗ್ಲಿಷಿನ ‘ಡ್’ಗೂ ರಕ್ತಸಂಬಂಧವೇನೂ ಇಲ್ಲ, ಅವು ಹೋಲುವುದು ಕಾಕತಾಳೀಯ. ಆದರೆ ಮನುಷ್ಯ ಭಾಷೆ ಕಟ್ಟುವ ರೀತಿಗಳು ಬಹಳವಿಲ್ಲವೆಂಬುದು ಇದರಿಂದ ತಿಳಿಯುತ್ತದೆ.

ಇನ್ನು ಕೃದಂತಗಳ ವಿಚಾರ. ಕನ್ನಡದಲ್ಲಿ ಭೂತಕಾಲದ ಕೃದಂತ ಎರಡು ಬಗೆ. ‘ಬಂದು’ ಎಂಬುದು ಮುಂದಿನ ಕ್ರಿಯೆಯನ್ನು ಕಾಯುತ್ತ ನಿಲ್ಲುತ್ತದೆ. ‘ಬಂದ’ ಎಂಬುದು ಮುಂದಿನ ನಾಮಪದವನ್ನು ಕಾಯುತ್ತ ನಿಲ್ಲುತ್ತದೆ. ಬರೆದ ಪತ್ರ, ಬರೆದ ಹುಡುಗಿ, ಬರೆದ ಲೇಖನಿ, ಬರೆದ ದಿನ ಎಂದು ಎಷ್ಟು ಸಲೀಸಾಗಿ ಹೇಳುತ್ತೇವೆ! ಪತ್ರ ಬರೆಯಿಸಿಕೊಂಡದ್ದು, ಹುಡುಗಿ ಬರೆದವಳು, ಲೇಖನಿ ಸಾಧನ, ದಿನ ಕಾಲ. ನಾಲ್ಕು ಬೇರೆ ಬೇರೆ ಸಂಬಂಧಗಳನ್ನು ಒಂದೇ ‘ಬರೆದ’ ಹೊತ್ತುಕೊಂಡಿದೆ. ಇಂಗ್ಲಿಷಿನ ‘ರಿಟನ್’ ಪತ್ರಕ್ಕೆ ಮಾತ್ರ ಸಲ್ಲುತ್ತದೆ. ಹುಡುಗಿಗೆ, ಲೇಖನಿಗೆ, ದಿನಕ್ಕೆ ಅಲ್ಲಿ ಬೇರೆ ಬೇರೆ ಸಂಬಂಧಾರ್ಥಕ ಸರ್ವನಾಮಗಳನ್ನು ಕರೆತರಬೇಕು. ಅಲ್ಲಿಯ ಕೃದಂತ, ಫ್ರೆಂಚಿನ ಕೃದಂತದಂತೆಯೇ, ಸಕರ್ಮಕ ಧಾತುಗಳಲ್ಲಿ ಕರ್ಮದ ಕಡೆಗೆ ವಾಲಿದೆ. ಇಂಗ್ಲಿಷ್ ಕಲಿಯುವ ನಮ್ಮ ಮಕ್ಕಳು ತೊಡಕಿಗೆ ಸಿಕ್ಕುವುದು ಇಲ್ಲಿ. ಅವರ ಮನೆಯ ‘ಬರೆದ’ ಅಲ್ಲಿಯ ‘ರಿಟನ್’ಗಿಂತ ವಿಶಾಲವಾದದ್ದು ಎಂದು ಅವರಿಗೆ ಹೇಳಿಕೊಡುವವರು ಕಡಮೆ.

ಈ ಕೃದಂತಕ್ಕೆ ಸಹಾಯಕ ಕ್ರಿಯಾಪದವೊಂದು ಸೇರಿದಾಗ ಕಳೆದುದು ಈಗಿನೊಡನೆ ಕೂಡಿಕೊಳ್ಳುತ್ತದೆ. ನಮ್ಮ ‘ಬಂದವ್ನೆ’ ಹುಟ್ಟುವುದು ಈ ಕೂಡಿಕೆಯಲ್ಲಿ. ಯಾವ ಸಹಾಯಕವನ್ನು ಕರೆಯಬೇಕೆಂಬುದರಲ್ಲಿ ಭಾಷೆಗಳು ಬೇರೆ ಬೇರೆ ದಾರಿ ಹಿಡಿದವು. ಲ್ಯಾಟಿನ್ನಿನ ಮಾತುಗಾರರು ‘ಬರೆಯಲ್ಪಟ್ಟ ಪತ್ರ ನನ್ನಲ್ಲಿದೆ’ ಎಂಬರ್ಥದಲ್ಲಿ, ‘ಹೊಂದಿರು’ ಎಂಬ ಕ್ರಿಯಾಪದವನ್ನು ಕೃದಂತದೊಡನೆ ಬಳಸತೊಡಗಿದರು. ಒಡೆತನದ ಅರ್ಥ ಮಾಸುತ್ತ ಬಂದು ‘ಪತ್ರ ಬರೆದಿದ್ದೇನೆ’ ಎಂಬುದು ಉಳಿಯಿತು. ಫ್ರೆಂಚಿನ ‘ಅವ್ವಾರ್’ ಸೇರಿದ ಭೂತಕಾಲ ಆ ದಾರಿಯದು, ಇಂಗ್ಲಿಷಿನ ‘ಹ್ಯಾವ್’ ಸೇರಿದ್ದೂ ಹಾಗೆಯೇ ಬೆಳೆದದ್ದು. ಆದರೆ ಫ್ರೆಂಚು ಎಲ್ಲ ಧಾತುಗಳನ್ನೂ ಈ ಒಡೆತನದ ಮನೆಗೆ ಸೇರಿಸಲಿಲ್ಲ. ಬರುವುದು, ಹೋಗುವುದು, ಹುಟ್ಟುವುದು, ಸಾಯುವುದು ಮೊದಲಾದವನ್ನು ‘ಇರು’ ಎಂಬರ್ಥದ ‘ಎತ್ರ್’ ಜೊತೆಗೆ ಇರಿಸಿತು. ‘ಇಲ್ ಎ ವೆನ್ಯು’ ಎಂದು ಫ್ರೆಂಚರು ಹೇಳಿದರೆ, ಮಾತಿಗೆ ಮಾತು ಇಟ್ಟಂತೆ, ‘ಅವನು ಬಂದವನಾಗಿ ಇದ್ದಾನೆ’ ಎಂದಾಗುತ್ತದೆ. ಇಂಗ್ಲಿಷೂ ಹಿಂದೆ ‘ಹೀ ಈಸ್ ಕಮ್’ ಎನ್ನುತ್ತಿತ್ತು. 1611ರ ಬೈಬಲ್ ಅನುವಾದದಲ್ಲಿ ಈ ರೂಪ ಹೇರಳವಾಗಿದೆ. 18, 19ನೆಯ ಶತಮಾನಗಳಲ್ಲಿ ‘ಹ್ಯಾಸ್’ ಅದನ್ನು ಮೆಲ್ಲಮೆಲ್ಲನೆ ಹೊರಗೆ ನೂಕಿತು.

ಕನ್ನಡದಲ್ಲಿ ‘ಹ್ಯಾವ್’ ಎಂಬುದಕ್ಕೆ ಸಮನಾದ ಕ್ರಿಯಾಪದವೇ ಸಹಜವಾಗಿಲ್ಲ. ನಮಗೆ ದುಡ್ಡು ‘ಇದೆ’, ಮಕ್ಕಳು ‘ಇದ್ದಾರೆ’, ಕಷ್ಟ ‘ಇದೆ’. ನಾವು ಏನನ್ನೂ ‘ಹ್ಯಾವ್’ ಮಾಡುವುದಿಲ್ಲ. ಹೀಗಾಗಿ ಬಂದದ್ದಕ್ಕೂ ಬರೆದದ್ದಕ್ಕೂ ಉಂಡದ್ದಕ್ಕೂ ಕನ್ನಡಕ್ಕೆ ಒಂದೇ ಸಹಾಯಕ, ‘ಇರು’. ಬಂದು ಇದ್ದಾನೆ ಎಂಬುದು ಬಂದಿದ್ದಾನೆ ಆಯಿತು. ನಮ್ಮ ಸೀಮೆಯಲ್ಲಿ ‘ಇದ್ದಾನೆ’ ಎಂಬುದಕ್ಕೆ ಬಳಕೆಯ ಮಾತು ‘ಅವ್ನೆ’. ‘ಮಾವ ಮನೇಲವ್ನೆ’ ಎಂದರೆ ಮನೆಯಲ್ಲಿದ್ದಾನೆ. ಆದುದರಿಂದ ಬಂದು ಅವ್ನೆ, ಬಂದವ್ನೆ; ಬಂದು ಅ‍ವ್ಳೆ, ಬಂದವ್ಳೆ; ಹೋಗಿ ಅವ್ನೆ, ಹೋಗವ್ನೆ. ಇದರಲ್ಲಿ ಕೆಟ್ಟುಹೋದದ್ದು ಏನಿದೆ? ಶಿಷ್ಟಕನ್ನಡ ಕೃದಂತಕ್ಕೆ ‘ಇರು’ವನ್ನು ಸೇರಿಸಿದ ಹಾಗೆಯೇ ಈ ಸೀಮೆಯ ಕನ್ನಡವೂ ಸೇರಿಸಿದೆ, ಚಾಚೂ ತಪ್ಪಿಲ್ಲ.

‘ಅವ್ನೆ’ ಎಂಬುದೇ ಅಶುದ್ಧವಲ್ಲವೇ ಎಂದು ಯಾರಾದರೂ ಕೇಳಿಯಾರು. ಅವನೆ, ಅವಳೆ, ಅವರೆ, ಅದೆ, ಅವೆ ಈ ಐದನ್ನೂ ಸಾಲಾಗಿ ಇಟ್ಟು ನೋಡಬೇಕು. ಕಣ್ಣಿಗೆ ಬೀಳುವುದು ಅವನು, ಅವಳು, ಅವರು, ಅದು, ಅವು ಎಂಬ ಸರ್ವನಾಮಗಳ ಸಾಲು. ಶಿಷ್ಟಕನ್ನಡದಲ್ಲಿ ನಾವೆಲ್ಲರೂ ಒಪ್ಪಿ ಬಳಸುವ ‘ಇದೆ’, ‘ಇವೆ’ಗಳ ರೂಪವೂ ಇದು, ಇವು ಎಂಬ ಸರ್ವನಾಮಗಳದೇ. ಕಲ್ಲಿಗೂ ಮರಕ್ಕೂ ನಾವು ಒಪ್ಪಿದ ನ್ಯಾಯವನ್ನು ಚಾಮರಾಜನಗರದವರು ಮನುಷ್ಯರಿಗೂ ವಿಸ್ತರಿಸಿದ್ದಾರೆ, ಅಷ್ಟೆ. ಉತ್ತಮಪುರುಷದಲ್ಲಿ ಮಾತ್ರ ಈ ಸಾಲು ಮುರಿದು ‘ನಾ ಬಂದಿವ್ನಿ’ ಎಂಬ ಬೇರೆ ರೂಪ ನಿಲ್ಲುತ್ತದೆ. ಇಂಥ ಒಂದೊಂದು ಮುರುಕು ಯಾವ ಭಾಷೆಯಲ್ಲಿಲ್ಲ? ಇಂಗ್ಲಿಷಿನ ಆಮ್, ಈಸ್, ಆರ್ ಎಂಬ ಮೂರು ಒಂದೇ ಕ್ರಿಯಾಪದವೆಂದು ನಾವು ತಕರಾರಿಲ್ಲದೆ ಬಾಯಿಪಾಠ ಮಾಡಲಿಲ್ಲವೆ?

ರೂಪ ಶುದ್ಧವೆಂದಷ್ಟೇ ಅಲ್ಲ, ಅರ್ಥದಲ್ಲಿಯೂ ಅದು ಸೂಕ್ಷ್ಮವಾದದ್ದು. ಅರಿಕುಠಾರವೆಂಬ ಊರು 1818ರಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರಿಂದ, ಅವರ ತಂದೆಯ ನೆನಪಿಗಾಗಿ, ಚಾಮರಾಜನಗರವಾಯಿತು. ‘ಆಯಿತು’ ಎಂದರೆ ಆ ವರ್ಷದ ಘಟನೆ. ಅರಿಕುಠಾರ ಚಾಮರಾಜನಗರ ‘ಆಗಿದೆ’ ಎಂದರೆ ಇಂದೂ ನಿಂತಿರುವ ಫಲ. ಮಳೆಯನ್ನೇ ನಂಬಿದ ಹೊಲದವನಿಗೆ ಈ ಭೇದ ಅಕ್ಷರದ ಭೇದವಲ್ಲ, ಅನ್ನದ ಭೇದ. ‘ಮಳೆ ಬಂತು’ ಎಂದರೆ ಅವನು ಕಂಡ ಮಳೆ. ಬೆಳಿಗ್ಗೆ ಎದ್ದು ನೆಲ ತೊಯ್ದಿರುವುದನ್ನು ನೋಡಿ ‘ರಾತ್ರಿ ಮಳೆ ಬಂದದೆ’ ಎಂದರೆ ಅವನು ಕಾಣದೆ ಊಹಿಸಿದ ಮಳೆ, ನೆಲದಲ್ಲಿ ಈಗಲೂ ಇರುವ ಮಳೆ. ‘ಮಳೆ ಬಂದಿತ್ತು’ ಎಂದರೆ ಬಂದು ಆರಿಹೋದ ಮಳೆ. ಮೂರಕ್ಕೂ ಮೂರು ರೂಪ. ಫ್ರೆಂಚಿನ ಆಡುಮಾತು ಇದರಲ್ಲಿ ಒಂದು ಭೇದವನ್ನು ಕಳೆದುಕೊಂಡಿದೆ. ‘ಬಂದ’ ಎಂಬುದಕ್ಕೆ ಸಮನಾದ ‘ಇಲ್ ವ್ಯಾಂ’ ಎಂಬ ಸರಳ ಭೂತಕಾಲ ಅಲ್ಲಿ ಇಂದು ಪುಸ್ತಕಗಳ ಸೊತ್ತು. ಬೀದಿಯಲ್ಲಿ ಬಂದ ಎನ್ನಲೂ ಬಂದಿದ್ದಾನೆ ಎನ್ನಲೂ ‘ಇಲ್ ಎ ವೆನ್ಯು’ ಒಂದೇ. ಪ್ಯಾರಿಸ್ಸಿನವನು ಕಳೆದುಕೊಂಡ ಸೂಕ್ಷ್ಮವನ್ನು ಗುಂಡ್ಲುಪೇಟೆಯ ಒಕ್ಕಲಿಗ ಉಳಿಸಿಕೊಂಡಿದ್ದಾನೆ.

ಹಾಗೆಂದು ಫ್ರೆಂಚರು ತಮ್ಮ ಆಡುಮಾತಿನ ಕಾಲವನ್ನು ಸಾಹಿತ್ಯದಿಂದ ಹೊರಗಿಡಲಿಲ್ಲ. 1942ರಲ್ಲಿ ಆಲ್ಬರ್ಟ್ ಕಮೂ ತನ್ನ ‘ಲೆತ್ರಾಂಜೆ’ ಕಾದಂಬರಿಯ ಕಥನವನ್ನು ಪುಸ್ತಕದ ಭೂತಕಾಲದಲ್ಲಿ ನಡೆಸದೆ ಬೀದಿಯ ಭೂತಕಾಲದಲ್ಲಿ ನಡೆಸಿದ. ಅದು ಆ ಕೃತಿಯ ಕಸುವುಗಳಲ್ಲಿ ಒಂದೆಂದು ವಿಮರ್ಶಕರು ಕೊಂಡಾಡಿದರು. ನಮ್ಮಲ್ಲಿಯೂ ಅಂಥ ಕೆಲಸ ನಡೆದಿದೆ. ಜಿ. ಪಿ. ರಾಜರತ್ನಂ ಅವರ ಹೆಸರಿನ ಮೊದಲ ಎರಡಕ್ಷರ ಗುಂಡ್ಲು ಪಂಡಿತ ಎಂಬುದರ ಹ್ರಸ್ವ. 1930ರ ದಶಕದಲ್ಲಿ ಅವರು ರತ್ನನ ಪದಗಳಲ್ಲಿ ಓದುಬರೆಹವಿಲ್ಲದವನ ಬಾಯಿಯ ಕನ್ನಡಕ್ಕೆ ಕಾವ್ಯದ ಮರ್ಯಾದೆ ತಂದುಕೊಟ್ಟರು. ಈ ಸೀಮೆಗೆ ಅಂಟಿಕೊಂಡ ನಂಜನಗೂಡಿನ ಕಡೆಯ ಮಾತಿನಲ್ಲಿ ದೇವನೂರ ಮಹಾದೇವರು ‘ಕುಸುಮಬಾಲೆ’ಯನ್ನು 1984ರಲ್ಲಿ ಪ್ರಕಟಿಸಿದರು. ಅಲ್ಲಿ ಪಾತ್ರಗಳ ಬಾಯಿಗೆ ಮಾತ್ರ ಆಡುಮಾತು ಮೀಸಲಾಗಿಲ್ಲ, ಕಥೆ ಹೇಳುವ ದನಿಯೇ ಅದನ್ನು ಆಡುತ್ತದೆ. 1990ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಆ ಕೃತಿಯನ್ನು ಪುರಸ್ಕರಿಸಿತು. ಅಕಾಡೆಮಿ ಗೌರವಿಸಿದ ವ್ಯಾಕರಣಕ್ಕೆ ಪಾಠಶಾಲೆಯಲ್ಲಿ ಕೆಂಪು ಗೆರೆ ಬೀಳುವುದು ವಿಚಿತ್ರವಲ್ಲವೆ?

ಗುಂಡ್ಲುಪೇಟೆಯ ಸಂತೆಗೆ ಇನ್ನೂ ಒಂದು ಪಾಠ ಗೊತ್ತಿದೆ. ಅಲ್ಲಿಂದ ಒಂದು ದಾರಿ ವಯನಾಡಿಗೆ, ಇನ್ನೊಂದು ನೀಲಗಿರಿಗೆ ಏರುತ್ತದೆ. ತರಕಾರಿ ತುಂಬಿದ ಗಾಡಿ ಕೇರಳದ ಎಲ್ಲೆ ದಾಟಿತೆಂದರೆ ಭೂತಕಾಲದ ಬಾಲವೇ ಉದುರಿಹೋಗುತ್ತದೆ. ಮಲೆಯಾಳದಲ್ಲಿ ಞಾನ್ ವನ್ನು, ಅವನ್ ವನ್ನು, ಅವಳ್ ವನ್ನು, ಅವರ್ ವನ್ನು. ಬಂದವರು ಯಾರೇ ಆಗಲಿ ‘ವನ್ನು’ ಒಂದೇ. ಇಂಗ್ಲಿಷಿನ ‘ಕೇಮ್’ ಕೂಡ ಹೀಗೆಯೇ. ತಮಿಳಿನ ಕಡೆಗೆ ಇಳಿದರೆ ವಂದಾನ್, ವಂದಾಳ್ ಎಂದು ಬಾಲ ಉಳಿದಿದೆ. ಅಲ್ಲಿಯ ‘ವಂದಿರುಕ್ಕಾನ್’ ನಮ್ಮ ಬಂದಿದ್ದಾನೆಯ ಹಾಗೆ ‘ಇರು’ವಿನ ಮೇಲೆಯೇ ನಿಂತಿದೆ. ಒಂದೇ ದ್ರಾವಿಡ ಮೂಲದ ಮೂರು ಕವಲುಗಳನ್ನು ಒಂದೇ ದಿನದಲ್ಲಿ ಕೇಳಬಲ್ಲ ಈ ಎಡೆಯಲ್ಲಿ, ಮಾತು ಬದಲಾಗುವುದೆಂದರೆ ಕೆಡುವುದಲ್ಲವೆಂದು ತಿಳಿಯಲು ದೊಡ್ಡ ಪಾಂಡಿತ್ಯ ಬೇಕಾಗಿಲ್ಲ. ಬಾಲವನ್ನು ಕಳೆದುಕೊಂಡ ಮಲೆಯಾಳವನ್ನು ಯಾರೂ ಕೆಟ್ಟ ತಮಿಳೆನ್ನುವುದಿಲ್ಲ.

ಈಗ ಮೊದಲು ಬಿಟ್ಟುಬಂದ ಎಳೆಯನ್ನು ಎತ್ತಿಕೊಳ್ಳೋಣ. ಭೂತಕಾಲದ ರೂಪ ಯಾವಾಗಲೂ ಕಳೆದುದನ್ನೇ ಹೇಳುತ್ತದೆಯೆ? ‘ಮಳೆ ಬಂದರೆ ಬಿತ್ತುತ್ತೇವೆ’ ಎಂಬಲ್ಲಿ ಮಳೆ ಇನ್ನೂ ಬಂದಿಲ್ಲ, ಆದರೂ ‘ಬಂದ’ ಇದೆ. ಇಂಗ್ಲಿಷಿನಲ್ಲಿ ‘ಇಫ್ ಹೀ ಕೇಮ್’ ಎಂದರೂ ಹಾಗೆಯೇ, ಫ್ರೆಂಚಿನಲ್ಲಿಯೂ ಇಂಥ ಸಂದೇಹದ ಮಾತಿಗೆ ಭೂತಕಾಲದ ಒಂದು ರೂಪವೇ ಬರುತ್ತದೆ. ಶಾಸನದ ಕೊನೆಯ ಶಾಪಾಶಯದಲ್ಲಿ, ದಾನವನ್ನು ಮುಂದೆಂದೋ ಕೆಡಿಸಬಹುದಾದ ಪಾಪಿಯನ್ನು ‘ಅಳಿದವನು’ ಎಂದೇ ಕರೆಯುತ್ತಾರೆ; ಅವನು ಇನ್ನೂ ಹುಟ್ಟಿಯೇ ಇಲ್ಲ. ಹಳಗನ್ನಡದ ವರ್ತಮಾನವಾಗಿದ್ದ ‘ಬಂದಪಂ’ ಪಕಾರ ಹಕಾರವಾಗಿ ‘ಬಂದಹನು’ ಆಯಿತು, ಹಕಾರವೂ ಕರಗಿ ‘ಬಂದಾನು’ ಆಯಿತು. ಇಂದು ಅದರ ಅರ್ಥ ‘ಬಂದರೂ ಬರಬಹುದು’ ಎಂದು. ಅದೇ ಹಾದಿಯಲ್ಲಿ ‘ಇರ್ದಪಂ’ ಎಂಬುದು ‘ಇದ್ದಾನೆ’ ಆಗಿ ನಿಂತಿತು. ಶಿಷ್ಟಕನ್ನಡದ ಹೆಮ್ಮೆಯ ‘ಬಂದಿದ್ದಾನೆ’ ಎಂಬುದನ್ನು ಬಿಡಿಸಿ ನೋಡಿದರೆ ಅದರೊಳಗೆ ಎರಡು ಭೂತಕಾಲಗಳಿವೆ, ‘ಬಂದು’ ಒಂದು, ‘ಇದ್ದ’ ಇನ್ನೊಂದು. ಪಂಪನು ಎದ್ದು ಬಂದು ಕೇಳಿದರೆ ಅವನಿಗೆ ಅದೂ ಸವೆದ ಕನ್ನಡವಾಗಿಯೇ ಕೇಳಿಸೀತು. ಸವೆತವನ್ನೇ ಕೇಡೆನ್ನುವುದಾದರೆ ನಮ್ಮ ಪಠ್ಯಪುಸ್ತಕದ ಕನ್ನಡಕ್ಕೂ ಬಿಡುಗಡೆಯಿಲ್ಲ.

ಹಾಗಾದರೆ ಒಂದು ರೂಪ ಶಿಷ್ಟ, ಇನ್ನೊಂದು ಗ್ರಾಮ್ಯ ಎಂಬ ತೀರ್ಪು ಎಲ್ಲಿಂದ ಬಂತು? ಗ್ರಾಮ್ಯವೆಂಬ ಹೆಸರು ಹಳೆಯ ಲಾಕ್ಷಣಿಕರಲ್ಲೂ ಇತ್ತು. ಆದರೆ ಹೊಸಗನ್ನಡದಲ್ಲಿ ಅದಕ್ಕೆ ಅಧಿಕಾರ ಬಂದದ್ದು ಅಚ್ಚುಮೊಳೆ ಮತ್ತು ಪಾಠಶಾಲೆಗಳಿಂದ. ವಿಲಿಯಂ ಕೇರಿಯ ಕನ್ನಡ ವ್ಯಾಕರಣ ಶ್ರೀರಾಮಪುರದಲ್ಲಿ 1817ರಲ್ಲಿ, ಮೆಕೆರೆಲ್ಲನದು ಮದರಾಸಿನಲ್ಲಿ 1820ರಲ್ಲಿ ಅಚ್ಚಾದವು. ಶ್ರೀರಂಗಪಟ್ಟಣದ ಕೃಷ್ಣಮಾಚಾರ್ಯರ ಹೊಸಗನ್ನಡ ನುಡಿಗನ್ನಡಿ 1838ರಲ್ಲಿ, ಹಾಡ್ಸನ್ನನ ವ್ಯಾಕರಣ 1859ರಲ್ಲಿ, ಕಿಟ್ಟೆಲ್ಲರ ದೊಡ್ಡ ವ್ಯಾಕರಣ 1903ರಲ್ಲಿ ಬಂದವು. ಆಡಳಿತಕ್ಕೂ ಧರ್ಮಪ್ರಚಾರಕ್ಕೂ ಶಿಕ್ಷಣಕ್ಕೂ ಒಂದು ಮಾದರಿ ಬೇಕಾಗಿತ್ತು. ಕಾಲಗಳನ್ನು ಪಟ್ಟಿಯ ಮನೆಗಳಲ್ಲಿ ತುಂಬಿಸಬೇಕಾಗಿತ್ತು. ಒಂದು ಮನೆಗೆ ಒಂದೇ ರೂಪ ಹಿಡಿಯುತ್ತದೆ. ‘ಬಂದಿದ್ದಾನೆ’ ಆ ಮನೆಯನ್ನು ಹೊಕ್ಕಿತು, ‘ಬಂದವ್ನೆ’ ಹೊರಗುಳಿಯಿತು. ಈ ವ್ಯಾಕರಣಕಾರರ ಉಪಕಾರ ದೊಡ್ಡದು, ಶಿಷ್ಟರೂಪವಿಲ್ಲದೆ ಬೀದರಿನವನೂ ಗುಂಡ್ಲುಪೇಟೆಯವನೂ ಒಂದೇ ಪತ್ರಿಕೆಯನ್ನು ಓದುವಂತಿರಲಿಲ್ಲ. ಆದರೆ ಅನುಕೂಲಕ್ಕಾಗಿ ಮಾಡಿಕೊಂಡ ಆಯ್ಕೆಯನ್ನು ಯೋಗ್ಯತೆಯ ತೀರ್ಪೆಂದು ತಿಳಿದದ್ದು ಅನಂತರದ ಕಾಲದ ಅವಿವೇಕ.

ಹೊರಗುಳಿದ ರೂಪಗಳನ್ನು ಗೌರವದಿಂದ ದಾಖಲಿಸುವ ಕೆಲಸವೂ ನಡೆಯಿತೆಂಬುದು ಸಮಾಧಾನದ ವಿಷಯ. ಯು. ಪಿ. ಉಪಾಧ್ಯಾಯರು ನಂಜನಗೂಡಿನ ಒಕ್ಕಲಿಗರ ಕನ್ನಡವನ್ನು ಕುರಿತು ಬರೆದ ಗ್ರಂಥವನ್ನು ಪುಣೆಯ ಡೆಕ್ಕನ್ ಕಾಲೇಜು 1968ರಲ್ಲಿ ಪ್ರಕಟಿಸಿತು. ಅದು ಈ ಸೀಮೆಯ ನೆರೆಮನೆಯ ಮಾತು. ಧ್ವನಿಯಿಂದ ಹಿಡಿದು ಕ್ರಿಯಾರೂಪದವರೆಗೆ ಅಲ್ಲಿ ಎಲ್ಲಕ್ಕೂ ಕ್ರಮವಿದೆ. ಕ್ರಮವುಳ್ಳದ್ದನ್ನು ಕ್ರಮವಿಲ್ಲದ್ದೆಂದು ಹೇಳುವುದು ಅಜ್ಞಾನವಾಗುತ್ತದೆ.

ಇದರಿಂದ ಆಗಬೇಕಾದುದೇನು? ಮಕ್ಕಳು ಪರೀಕ್ಷೆಯಲ್ಲಿ ‘ಬಂದವ್ನೆ’ ಎಂದು ಬರೆಯಲೆಂದು ಯಾರೂ ಹೇಳಬೇಕಾಗಿಲ್ಲ. ಶಿಷ್ಟರೂಪ ಅವರಿಗೆ ಬೇಕು, ಅದು ಅವರ ಹಕ್ಕೂ ಹೌದು. ಆದರೆ ಕೆಂಪು ಗೆರೆ ಎಳೆಯುವ ಕೈ ಪಕ್ಕದಲ್ಲಿ ಒಂದು ಮಾತು ಹೇಳಬಹುದು: ನಿಮ್ಮ ಊರಿನಲ್ಲಿ ಬಂದು ಅವ್ನೆ, ಪುಸ್ತಕದಲ್ಲಿ ಬಂದು ಇದ್ದಾನೆ, ಎರಡರ ಕಟ್ಟಡ ಒಂದೇ, ಹಚ್ಚಿದ ಸುಣ್ಣ ಬೇರೆ. ಅಷ್ಟು ತಿಳಿದ ಹುಡುಗ ಹುಡುಗಿಯರಿಗೆ ಇಂಗ್ಲಿಷಿನ ‘ಹ್ಯಾಸ್ ಕಮ್’ ಎಂಬುದು ‘ಕೇಮ್’ ಎಂಬುದಕ್ಕಿಂತ ಏಕೆ ಬೇರೆಯೆಂದು ಸೂತ್ರ ಹೇಳಿ ದಣಿಯಬೇಕಾಗಿಲ್ಲ. ಮಳೆ ಬಂತು, ಮಳೆ ಬಂದದೆ ಎಂಬ ಭೇದ ಅವರ ಕಿವಿಯಲ್ಲಿ ಆಗಲೇ ಇದೆ. ಮುಂದೊಂದು ದಿನ ಅವರಲ್ಲಿ ಯಾರಾದರೂ ಫ್ರೆಂಚು ಕಲಿಯಹೊರಟು ‘ಇಲ್ ಎ ವೆನ್ಯು’ ಎಂಬಲ್ಲಿಗೆ ಬಂದರೆ, ಅದಕ್ಕೆ ಸಮನಾದ ಮಾತನ್ನು ಹುಡುಕಲು ಇಂಗ್ಲಿಷಿನ ಮನೆಗೆ ಹೋಗಬೇಕಾಗಿಲ್ಲ. ಹಿತ್ತಲಲ್ಲಿ ಅಜ್ಜಿ ಯಾರನ್ನೋ ಕೂಗಿ ‘ನೋಡ್ರೋ, ಯಾರ್ ಬಂದವ್ರೆ’ ಎಂದರೆ ಸಾಕು, ಪಾಠ ಮುಗಿದಿರುತ್ತದೆ.